ಹಸಿರು ನೋಡಿ ಅಂಕ ಕೊಡಬೇಡಿ: ಮರಳುಗಾಡಿನ ಗಾಲ್ಫ್ ಕೋರ್ಸ್ ಅಳೆಯೋದು ಹೇಗೆ?

[ದೃಶ್ಯ: ಬೆಳಗಿನ ಆರು ಗಂಟೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಮಂಜು. ನಾಲ್ಕು ಜನ ಬ್ಯಾಗ್ ಹೊತ್ತು ನಡೆಯುತ್ತಿದ್ದಾರೆ.]

ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವುದು ನಮ್ಮ ಚಾಮುಂಡಿ ಬೆಟ್ಟ. ಅದರ ಬುಡದಲ್ಲಿ ರೇಸ್ ಕೋರ್ಸ್ ಮೈದಾನ, ಅಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಇಲ್ಲಿ ಸೇರುತ್ತೇವೆ. ಒಬ್ಬರು ಡಾಕ್ಟರು, ಅವರ ಹ್ಯಾಂಡಿಕ್ಯಾಪ್, ಅಂದರೆ ಆಟದಲ್ಲಿ ಸಿಗುವ ಹೆಚ್ಚುವರಿ ಹೊಡೆತಗಳ ಲೆಕ್ಕ, 6. ಈ ಸಂಖ್ಯೆ ಕಡಿಮೆ ಇದ್ದಷ್ಟೂ ಆಟ ಚೆನ್ನ. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, 22. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು, 30. ನಾನು 18.

ಹಿರಿಯರ ಮಗಳು ಅಮೆರಿಕದ ಫೀನಿಕ್ಸ್‌ನಲ್ಲಿದ್ದಾಳೆ. ಹೋದ ಫೆಬ್ರವರಿಯಲ್ಲಿ ನಾಲ್ವರೂ ಅಲ್ಲಿಗೆ ಹೋಗಿ, ಹಣ ಕಟ್ಟಿ ಯಾರು ಬೇಕಾದರೂ ಆಡಬಹುದಾದ ಮೂರು ಕೋರ್ಸುಗಳಲ್ಲಿ ಆಡಿದೆವು. ಮೂರೂ ಮರಳುಗಾಡಿನ ಕೋರ್ಸು. ಪ್ರತಿ ರೌಂಡ್ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಅಂಕ ಹಾಕಿದೆವು. ಆ ಪುಸ್ತಕ ಇದೇ.

[ದೃಶ್ಯ: ನೋಟ್‌ಬುಕ್. ಮೊದಲ ಪುಟದಲ್ಲಿ ಕಾಟು ಹೊಡೆದ ಸಾಲುಗಳು.]

ನಮ್ಮಂಥ ಹವ್ಯಾಸಿ ಆಟಗಾರರು ಒಂದು ಕೋರ್ಸ್ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ಹೇಳಬೇಕು? ಅದೇ ಇವತ್ತಿನ ವಿಷಯ. ಬಹಳ ಜನ ಫೋಟೋ ನೋಡಿ, "ಎಷ್ಟು ಹಸಿರಾಗಿದೆ!" ಅಂತ ಹೇಳಿಬಿಡುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಮರಳುಗಾಡು ಆ ಅಭ್ಯಾಸ ಬಿಡಿಸಿತು.

ಮೊದಲು, ಮರಳುಗಾಡಿನ ಕೋರ್ಸ್ ಎಂದರೆ ಏನು ಅಂತ ನೋಡೋಣ. ಎಲ್ಲಾ ಕಡೆ ಅದು ಒಂದೇ ರೀತಿ ಇಲ್ಲ. ಆಸ್ಟ್ರೇಲಿಯಾದ ಕೂಬರ್ ಪೀಡಿ ಊರಿನ ಕೋರ್ಸಿನಲ್ಲಿ ಹುಲ್ಲೇ ಇಲ್ಲ. ಆಟಗಾರರು ಸಣ್ಣ ಹುಲ್ಲಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಓಡಾಡುತ್ತಾರೆ. ಅದರ ಮೇಲೆ ಬಾಲ್ ಇಟ್ಟು ಹೊಡೆಯಬೇಕು. ದುಬೈ ಹಾಗಲ್ಲ. ಅಲ್ಲಿನ ಎಮಿರೇಟ್ಸ್ ಗಾಲ್ಫ್ ಕ್ಲಬ್ 1988ರಲ್ಲಿ ಶುರುವಾಯಿತು. ಆ ಪ್ರದೇಶದಲ್ಲಿ ಹುಲ್ಲು ಬೆಳೆಸಿ ಮಾಡಿದ ಮೊದಲ ಕೋರ್ಸು ಅದು. ಅದಕ್ಕೂ ಮುಂಚೆ ಅಲ್ಲಿನವರು ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ನೆಲದ ಮೇಲೆ ಪಟ್ ಮಾಡುತ್ತಿದ್ದರು, ಅಂದರೆ ಬಾಲನ್ನು ಕುಳಿಯ ಕಡೆಗೆ ಮೆಲ್ಲಗೆ ಉರುಳಿಸುತ್ತಿದ್ದರು. ಇಂಥ ನೆಲಕ್ಕೆ 'ಬ್ರೌನ್ಸ್' ಅಂತ ಹೆಸರು. ನಮ್ಮ ದೇಶದ ಹಳೆಯ ಕಂಟೋನ್ಮೆಂಟ್ ಕೋರ್ಸುಗಳಲ್ಲಿ ಆಡಿದ ಹಿರಿಯರಿಗೆ ಈ ಮಾತು ಹೊಸದಲ್ಲ.

ಅರಿಜೋನಾದ ಕಥೆ ಬೇರೆ. ಅಲ್ಲಿ ಫೇರ್‌ವೇ, ಅಂದರೆ ಬಾಲ್ ಬೀಳಬೇಕಾದ ಹುಲ್ಲಿನ ದಾರಿ, ಹಸಿರು ದ್ವೀಪದ ಥರ ಇರುತ್ತದೆ. ಸುತ್ತ ಕಲ್ಲು, ಜಲ್ಲಿ, ಪಾಪಾಸುಕಳ್ಳಿ. ಇದನ್ನು ಯಾರೋ ಚೆಂದಕ್ಕೆ ಮಾಡಿದ್ದಲ್ಲ. 1980ರಲ್ಲಿ ಆ ರಾಜ್ಯ ಅಂತರ್ಜಲ ನಿರ್ವಹಣೆಗೆ ಒಂದು ಕಾಯಿದೆ ತಂದಿತು. ಅದರ ಕೆಳಗೆ ಬಂದ ನಿಯಮಗಳಿಂದ ಫೀನಿಕ್ಸ್ ಸುತ್ತಮುತ್ತ ಹೊಸ ಕೋರ್ಸುಗಳು 18 ಹೋಲಿಗೆ ಸುಮಾರು 90 ಎಕರೆ ಹುಲ್ಲಿನ ಲೆಕ್ಕದಲ್ಲಿ ನೀರು ಬಳಸಬೇಕಾಯಿತು. ಹುಲ್ಲು ಕಡಿಮೆ ಆದರೆ ಏನು ಮಾಡುವುದು? ಬಾಲ್ ಬೀಳಬೇಕಾದ ಜಾಗದಲ್ಲಿ ಮಾತ್ರ ಹುಲ್ಲು ಹಾಕಿದರು. ಮೊದಲ ಹೊಡೆತ ಹೊಡೆಯುವ ಟೀ ಹತ್ತಿರ ಒಂದಿಷ್ಟು, ನಡುವೆ ಒಂದಿಷ್ಟು, ಕುಳಿ ಇರುವ ಗ್ರೀನ್ ಸುತ್ತ ಒಂದಿಷ್ಟು. ಮಿಕ್ಕಿದ್ದು ಮರಳುಗಾಡಾಗಿಯೇ ಉಳಿಯಿತು. 1962ರಲ್ಲೇ ಕೇರ್‌ಫ್ರೀ ಊರಿನ ಡೆಸರ್ಟ್ ಫಾರೆಸ್ಟ್ ಕೋರ್ಸು ಈ ದಾರಿ ಹಿಡಿದಿತ್ತು. ಆದರೆ ಜನರಿಗೆಲ್ಲ ಗೊತ್ತಾಗಿದ್ದು 1983ರಲ್ಲಿ. ಸ್ಕಾಟ್ಸ್‌ಡೇಲ್‌ನಲ್ಲಿ ಜ್ಯಾಕ್ ನಿಕ್ಲಸ್ ವಿನ್ಯಾಸ ಮಾಡಿದ ಡೆಸರ್ಟ್ ಹೈಲ್ಯಾಂಡ್ಸ್ ಕೋರ್ಸಿನಲ್ಲಿ ಮೊದಲ ಸ್ಕಿನ್ಸ್ ಗೇಮ್, ಅಂದರೆ ಪ್ರತಿ ಹೋಲಿಗೂ ಬೇರೆ ಬಹುಮಾನ ಇರುವ ಪಂದ್ಯ, ನಡೆಯಿತು. ಹೆಸರಾಂತ ಆಟಗಾರರಾದ ನಿಕ್ಲಸ್, ಪಾಮರ್, ವಾಟ್ಸನ್, ಪ್ಲೇಯರ್ ನಾಲ್ಕೂ ಜನ ಆಡಿದರು. ಗೆದ್ದಿದ್ದು ಗ್ಯಾರಿ ಪ್ಲೇಯರ್. ಟಿವಿಯಲ್ಲಿ ಆ ಕಳ್ಳಿ, ಬಂಡೆ, ನಡುವೆ ಹಸಿರು ಪಟ್ಟಿ ನೋಡಿ ಜನ ಬೆರಗಾದರು.

ಈಗ ನಮ್ಮ ಪುಸ್ತಕಕ್ಕೆ ಬರೋಣ. ಈ ಕಾಟು ಹೊಡೆದ ಸಾಲುಗಳಿಗೆ ಒಂದು ಕಥೆ ಇದೆ.

ನಾಲ್ವರೂ ಹೋಗುವ ಮುಂಚೆ ನಾನೊಬ್ಬನೇ ಒಂದು ಸಲ ಅಲ್ಲಿಗೆ ಹೋಗಿದ್ದೆ. ಅಕ್ಟೋಬರ್ ಕೊನೆ. ಒಂದು ಕೋರ್ಸಿಗೆ ಹೋದರೆ ನೆಲವೆಲ್ಲ ಒದ್ದೆ. ಕಾರ್ಟ್ ರಸ್ತೆ ಬಿಟ್ಟು ಇಳಿಯುವ ಹಾಗಿಲ್ಲ. ಗ್ರೀನ್ ಮೇಲೆ ಬಾಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಬೇಜಾರಾಗಿ ಹತ್ತಕ್ಕೆ ಮೂರು ಅಂಕ ಬರೆದೆ. ಫೆಬ್ರವರಿಯಲ್ಲಿ ಅದೇ ಕೋರ್ಸಿಗೆ ಮತ್ತೆ ಹೋದಾಗ ನಂಬಲಿಕ್ಕೇ ಆಗಲಿಲ್ಲ. ಗ್ರೀನ್ ಗಾಜಿನ ಹಾಗೆ. ಕೋರ್ಸ್ ಅದೇ, ಹುಲ್ಲು ಬೇರೆ.

[ದೃಶ್ಯ: ಕ್ಯಾಮೆರಾ ನೆಲಕ್ಕೆ. ಕೈಯಲ್ಲಿ ಒಂದು ಎಳೆ ಗರಿಕೆ.]

ಇದು ಗರಿಕೆ. ಗಣೇಶನಿಗೆ ಏರಿಸುತ್ತೇವಲ್ಲ, ಅದೇ. ಅಮೆರಿಕದವರು ಇದನ್ನು ಬರ್ಮುಡಾ ಹುಲ್ಲು ಅಂತ ಕರೆಯುತ್ತಾರೆ. ಫೀನಿಕ್ಸ್‌ನ ಕೋರ್ಸುಗಳಲ್ಲಿ ಬೇಸಿಗೆಯಲ್ಲಿ ಇರುವುದು ಇದರದ್ದೇ ತಳಿಗಳು. 43 ಡಿಗ್ರಿ ಬಿಸಿಲಿಗೂ ಇದು ಜಗ್ಗುವುದಿಲ್ಲ. 2023ರಲ್ಲಿ ಅಲ್ಲಿ ಸತತ 31 ದಿನ ಆ ಮಟ್ಟದ ಬಿಸಿಲಿತ್ತು. ಆದರೆ ಚಳಿ ಕಂಡರೆ ಗರಿಕೆ ನಿದ್ದೆ ಹೋಗುತ್ತದೆ, ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಪ್ರವಾಸಿಗರು ಬರುವುದು ಚಳಿಗಾಲದಲ್ಲೇ. ಅದಕ್ಕೇ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಗರಿಕೆಯನ್ನು ಬುಡದವರೆಗೆ ಕತ್ತರಿಸಿ, ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಇದಕ್ಕೆ ಓವರ್‌ಸೀಡಿಂಗ್ ಅಂತ ಹೆಸರು. ಬೀಜ ಮೊಳೆಯುವವರೆಗೆ ದಿನಕ್ಕೆ ಎಷ್ಟೋ ಸಲ ನೀರು. ಕೋರ್ಸು ಕೆಲವು ವಾರ ಮುಚ್ಚಿರುತ್ತದೆ. ತೆರೆದ ಮೇಲೂ ಸ್ವಲ್ಪ ದಿನ ಎಲ್ಲಾ ಮೆತ್ತಗೆ. ನಾನು ಹೋಗಿದ್ದು ಸರಿಯಾಗಿ ಆಗಲೇ. ಬಾಣಂತಿ ಮನೆಗೆ ಹೋಗಿ ಊಟ ಸರಿ ಇಲ್ಲ ಅಂದ ಹಾಗಾಯಿತು. ಅದಕ್ಕೇ ಆ ಅಂಕಕ್ಕೆ ಕಾಟು. ಈಗ ನಮ್ಮ ಪುಸ್ತಕದಲ್ಲಿ ಪ್ರತಿ ಪುಟದ ಮೇಲೆ ಮೊದಲು ತಿಂಗಳು, ಆಮೇಲೆ ಯಾವ ಹುಲ್ಲು ಅಂತ ಬರೆಯುತ್ತೇವೆ.

ಮೈಸೂರಿನಲ್ಲಿ ಈ ತೊಂದರೆ ಇಲ್ಲ. ನಮ್ಮ ಚಳಿಗೆ ಗರಿಕೆ ನಿದ್ದೆ ಹೋಗುವುದಿಲ್ಲ. ನಮ್ಮಲ್ಲಿ ನೋಡಬೇಕಾದ್ದು ಮಾರ್ಚ್ ತಿಂಗಳ ಒಣ ನೆಲ. ಬಾಲ್ ಬಿದ್ದು ಇನ್ನೂ 30 ಗಜ ಓಡುತ್ತದೆ. ಮೇ ತಿಂಗಳ ಗುಡುಗು ಮಳೆ ಬಂತು ಅಂದರೆ ಬಿದ್ದಲ್ಲೇ ಕೂರುತ್ತದೆ.

ಓಟದ ಮಾತು ಬಂತಲ್ಲ, ಇನ್ನೊಂದು ವಿಷಯ. ಮರಳುಗಾಡಿನಲ್ಲಿ ಬಾಲ್ ಜಾಸ್ತಿ ದೂರ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಿಸಿ ಗಾಳಿಯಲ್ಲಿ ಹೌದು, ತೆಳು ಗಾಳಿ ಬಾಲನ್ನು ಕಡಿಮೆ ತಡೆಯುತ್ತದೆ. ಆದರೆ ಫೀನಿಕ್ಸ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿ. ನಮ್ಮ ಮೈಸೂರು ಸುಮಾರು 760 ಮೀಟರ್. ಎತ್ತರದ ಲೆಕ್ಕದಲ್ಲಿ ಲಾಭ ನಮಗೇ. ಫೆಬ್ರವರಿ ಬೆಳಿಗ್ಗೆ ಅಲ್ಲಿ ಕೈ ಕೊರೆಯುವ ಚಳಿ. ಮೊದಲ ಮೂರು ಹೋಲಿನಲ್ಲಿ ನಮ್ಮ ನಾಲ್ವರ ಬಾಲೂ ಗ್ರೀನಿಗಿಂತ ಮುಂಚೆಯೇ ಬಿದ್ದವು. ಅಲ್ಲಿನ ಎಂಟು ಗಂಟೆಗೆ ಒಂದು ಕ್ಲಬ್ ಜಾಸ್ತಿ, ಅಂದರೆ ಇನ್ನೂ ದೂರ ಹೊಡೆಯುವ ಕೋಲು, ತೆಗೆದುಕೊಳ್ಳಿ.

ಇನ್ನು ಸ್ಕೋರ್ ಕಾರ್ಡ್. ಕಾರ್ಡಿನ ಮೇಲೆ ಎರಡು ಸಂಖ್ಯೆ ಇರುತ್ತವೆ. ಬಹಳ ಜನ ಅದನ್ನು ನೋಡುವುದೇ ಇಲ್ಲ.

[ದೃಶ್ಯ: ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮೇಷ್ಟ್ರು ಬರೆಯುತ್ತಿದ್ದಾರೆ.]

ಒಂದು ಕೋರ್ಸ್ ರೇಟಿಂಗ್. ಹ್ಯಾಂಡಿಕ್ಯಾಪ್ ಸೊನ್ನೆ ಇರುವ ಆಟಗಾರ ಅಲ್ಲಿ ಎಷ್ಟು ಹೊಡೆತದಲ್ಲಿ ಮುಗಿಸಬಹುದು ಅನ್ನುವ ಲೆಕ್ಕ. ಇನ್ನೊಂದು ಸ್ಲೋಪ್. ಇದು ನಮ್ಮಂಥವರಿಗೆ ಮುಖ್ಯ. ಹೆಸರು ಕೇಳಿ ನೆಲದ ಇಳಿಜಾರು ಅಂತ ತಿಳಿಯಬೇಡಿ. ಒಳ್ಳೆಯ ಆಟಗಾರನಿಗಿಂತ ಸಾಧಾರಣ ಆಟಗಾರನಿಗೆ ಆ ಕೋರ್ಸ್ ಎಷ್ಟು ಜಾಸ್ತಿ ಕಷ್ಟ ಅನ್ನುವುದನ್ನು ಅದು ಹೇಳುತ್ತದೆ. 55ರಿಂದ 155ರವರೆಗೆ ಇರುತ್ತದೆ, 113 ಅಂದರೆ ಸಾಮಾನ್ಯ. ನನ್ನದು 18 ಅಂದೆನಲ್ಲ. ಅದನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ. ಸ್ಲೋಪ್ 140 ಇರುವ ಕಡೆ, ರೇಟಿಂಗೂ ಪಾರೂ (ಕೋರ್ಸಿಗೆ ನಿಗದಿ ಮಾಡಿದ ಹೊಡೆತಗಳ ಸಂಖ್ಯೆ) ಒಂದೇ ಇದ್ದರೆ, ನನಗೆ 22 ಹೊಡೆತ ಸಿಗುತ್ತದೆ. ರೇಟಿಂಗ್ ಪಾರಿಗಿಂತ ಹೆಚ್ಚೋ ಕಡಿಮೆಯೋ ಇದ್ದರೆ ಆ ವ್ಯತ್ಯಾಸವನ್ನೂ ಸೇರಿಸಬೇಕು. 2020ರಿಂದ ಇದೇ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿ.

ಮರಳುಗಾಡಿನ ಕೋರ್ಸುಗಳಲ್ಲಿ ಸ್ಲೋಪ್ ಯಾಕೆ ಮೇಲಿರುತ್ತದೆ ಅಂತ ಅಲ್ಲಿ ಆಡಿದರೆ ಥಟ್ಟನೆ ಗೊತ್ತಾಗುತ್ತದೆ. ಟೀಯಿಂದ ಹೊಡೆದರೆ ಮೊದಲು ಕಲ್ಲುಗಾಡು, ಆಮೇಲೆ ಹುಲ್ಲು. 150 ಗಜ ಗಾಳಿಯಲ್ಲೇ ಹಾರಿಸಬೇಕು. ಡಾಕ್ಟರಿಗೆ ಅದು ಲೆಕ್ಕಕ್ಕೇ ಇಲ್ಲ. ಮೇಷ್ಟ್ರು ಚೆನ್ನಾಗಿ ಹೊಡೆದರೆ 140. ನಮ್ಮ ಊರಿನಲ್ಲಿ ತಪ್ಪು ಹೊಡೆತ ಉರುಳಿಕೊಂಡಾದರೂ ಮುಂದೆ ಹೋಗುತ್ತದೆ. ಅಲ್ಲಿ ಉರುಳಿದ್ದು ಕಳ್ಳಿ ಬುಡದಲ್ಲಿ.

ಎರಡನೇ ಕೋರ್ಸಿನಲ್ಲಿ ಮೇಷ್ಟ್ರು ಬಾಲ್ ಮೇಲೆ ಬಾಲ್ ಕಳೆದುಕೊಂಡರು. ಆಮೇಲೆ ಚಹಾ ಕುಡಿಯುತ್ತಾ ಅವರೊಂದು ಮಾತು ಹೇಳಿದರು. "ನೋಡಿ, ಪೇಪರ್ ಕಷ್ಟ ಇರಲಿ, ನನಗೆ ಬೇಜಾರಿಲ್ಲ. ಆದರೆ ಪಾಸಾಗೋ ಹುಡುಗನಿಗೂ ಬರೆಯೋಕೆ ನಾಲ್ಕು ಪ್ರಶ್ನೆ ಇರಬೇಕು ಅಲ್ವಾ?" ಅವತ್ತಿನಿಂದ ನಮ್ಮ ಪುಸ್ತಕದ ಮುಖ್ಯ ಕಾಲಂ ಅದೇ ಆಯಿತು. ಅದರ ಹೆಸರು 'ಮೇಷ್ಟ್ರ ದಾರಿ'. ಪ್ರತಿ ಹೋಲಿನಲ್ಲೂ ಕೇಳುತ್ತೇವೆ. ದೂರ ಹೊಡೆಯಲಾಗದವರಿಗೆ ಒಂದು ದಾರಿ ಇದೆಯಾ? ಪಕ್ಕದಿಂದ, ಸುತ್ತಿಕೊಂಡು, ಒಂದು ಹೊಡೆತ ಜಾಸ್ತಿಯಾದರೂ ಸರಿ, ಹೋಗಬಹುದಾ? ಮೂರನೇ ಕೋರ್ಸಿನಲ್ಲಿ 18ರಲ್ಲಿ 16 ಹೋಲಿಗೆ ದಾರಿ ಇತ್ತು. ದೂರ ಹೊಡೆಯಲಾಗದವರಿಗಾಗಿ ಮುಂದಕ್ಕೆ ಇಡುವ ಟೀಗಳನ್ನು ಬೇಲಿ ಪಕ್ಕ ಹೇಗೋ ಇಡದೆ, ಯೋಚನೆ ಮಾಡಿ ಇಟ್ಟಿದ್ದರು. ನಾಲ್ವರೂ ಜಗಳವಿಲ್ಲದೆ ಅದಕ್ಕೆ ಒಂಬತ್ತು ಕೊಟ್ಟೆವು. ಮೂರರಲ್ಲಿ ಅದರ ಹಸಿರೇ ಕಡಿಮೆ.

ಹಾಗಾಗಿ ಗುಂಪಿನಲ್ಲಿ ಹ್ಯಾಂಡಿಕ್ಯಾಪ್ ಜಾಸ್ತಿ ಇರುವವರ ಅಂಕಕ್ಕೆ ಬೆಲೆ ಕೊಡಿ. ಚೆನ್ನಾಗಿ ಆಡುವವರು ಕೋರ್ಸಿನ ಒಂದು ಸಣ್ಣ ಪಟ್ಟಿಯನ್ನು ಮಾತ್ರ ನೋಡುತ್ತಾರೆ. ಮೇಷ್ಟ್ರಂಥವರು ಇಡೀ ಕೋರ್ಸನ್ನು ನೋಡಿರುತ್ತಾರೆ.

[ದೃಶ್ಯ: ನಕ್ಷೆ. ಹಸಿರು ಪಟ್ಟಿ, ಅಂಚಿನಲ್ಲಿ ಕೆಂಪು ಗೂಟಗಳು.]

ಆಟ ಶುರುವಾಗುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ. ಇಲ್ಲಿ ಮರಳುಗಾಡು ಪೆನಾಲ್ಟಿ ಏರಿಯಾನಾ? 2019ರ ನಿಯಮಗಳ ಪ್ರಕಾರ ಕೋರ್ಸಿನವರು ಮರಳುಗಾಡನ್ನೂ ಕೆಂಪು ಗೂಟ ಹಾಕಿ ಹಾಗೆ ಗುರುತಿಸಬಹುದು. ಆಗ ಬಾಲ್ ಒಳಗೆ ಹೋದರೆ ಒಂದು ಹೊಡೆತ ದಂಡ. ಅದು ಗಡಿ ದಾಟಿದ ಜಾಗದ ಹತ್ತಿರ, ಎರಡು ಕ್ಲಬ್ ಉದ್ದದೊಳಗೆ ಬಾಲನ್ನು ಡ್ರಾಪ್ ಮಾಡಿ, ಅಂದರೆ ಕೈಯಿಂದ ಕೆಳಗೆ ಬಿಟ್ಟು, ಆಡಬಹುದು. ಗೂಟ ಇಲ್ಲದಿದ್ದರೆ ಹುಡುಕಲು ಸಿಗುವುದು ಮೂರು ನಿಮಿಷ. ಸಿಗಲಿಲ್ಲವೋ, ದಂಡವೂ ಬಿತ್ತು, ಮತ್ತೆ ಮೊದಲ ಜಾಗಕ್ಕೇ ವಾಪಸ್. ಅನುಮಾನ ಬಂದ ತಕ್ಷಣ ಪ್ರಾವಿಷನಲ್ ಬಾಲ್, ಅಂದರೆ ಮೊದಲನೆಯದು ಸಿಗದಿದ್ದರೆ ಇರಲಿ ಅಂತ ಇನ್ನೊಂದು ಬಾಲ್, ಹೊಡೆದುಬಿಡಿ, ಹಿಂದಿನ ಗುಂಪು ಕಾಯುವುದು ತಪ್ಪುತ್ತದೆ.

ಒಳಗೆ ಹೋಗಿ ಹುಡುಕಲೇಬೇಕು ಅಂದರೆ ಜೋಪಾನ. ರ‍್ಯಾಟಲ್‌ಸ್ನೇಕ್ ಇರುತ್ತದೆ. ಕಾಣದ ಕಡೆ ಕೈ ಹಾಕಬೇಡಿ, ಕ್ಲಬ್ಬಿನಿಂದ ಮುಟ್ಟಿ. ಚೋಯಾ ಅನ್ನುವ ಕಳ್ಳಿ ಸ್ವಲ್ಪ ತಾಗಿದರೂ ತುಂಡೇ ಕಿತ್ತು ಬಟ್ಟೆಗೆ ಅಂಟಿಕೊಳ್ಳುತ್ತದೆ. ಅದನ್ನು ಬೆರಳಿನಿಂದ ಕೀಳಬಾರದು. ಅಲ್ಲಿನ ಆಟಗಾರರು ಬ್ಯಾಗಿನಲ್ಲಿ ಒಂದು ಬಾಚಣಿಗೆ ಇಟ್ಟುಕೊಂಡಿರುತ್ತಾರೆ, ಹಲ್ಲು ಸಿಕ್ಕಿಸಿ ಎಗರಿಸುತ್ತಾರೆ. ಒಂದು ಹಳೆಯ ಐರನ್ ಕ್ಲಬ್ ಕೂಡ ಇರುತ್ತದೆ, ಕಲ್ಲಿನ ಮೇಲಿಂದ ಹೊಡೆಯಲಿಕ್ಕೆ. ಇನ್ನು ಸಾಗ್ವಾರೋ ಅನ್ನುವ ಕಂಬದಂಥ ಕಳ್ಳಿ. ಒಂದು ಕೊಂಬೆ ಬರಲು ಐವತ್ತು, ಎಪ್ಪತ್ತು ವರ್ಷ ಬೇಕು. ಅದಕ್ಕೆ ಹಾನಿ ಮಾಡಿದರೆ ಕಾನೂನು ಸುಮ್ಮನೆ ಬಿಡುವುದಿಲ್ಲ. ನಮ್ಮ ಹಿರಿಯರು ಒಂದರ ಕೆಳಗೆ ನಿಂತು ಕೈಮುಗಿದರು. "ನನಗಿಂತ ದೊಡ್ಡವರು" ಅಂದರು.

ಗ್ರೀನ್ ಅಳೆಯುವುದು ಸುಲಭ. ವೃತ್ತಿಪರರು ಸ್ಟಿಂಪ್‌ಮೀಟರ್ ಅನ್ನುವ ಒಂದು ಗಜದ ಪಟ್ಟಿ ಬಳಸುತ್ತಾರೆ. ಅದರ ಮೇಲಿಂದ ಬಾಲ್ ಉರುಳಿಸಿ, ಎಷ್ಟು ಅಡಿ ಹೋಯಿತು ಅಂತ ನೋಡುತ್ತಾರೆ. ನಮ್ಮ ಹತ್ತಿರ ಅದಿಲ್ಲ. ಪ್ರಾಕ್ಟೀಸ್ ಗ್ರೀನಿನಲ್ಲಿ ಮಟ್ಟವಾದ ಜಾಗ ಹುಡುಕಿ. ಪಟ್ಟರನ್ನು ಬಲಗಾಲಿನ ಬೆರಳಿನಿಂದ ಎಡಗಾಲಿನ ಬೆರಳವರೆಗೆ ಮಾತ್ರ ಆಡಿಸಿ ಮೂರು ಬಾಲ್ ಹೊಡೆಯಿರಿ. ಹೆಜ್ಜೆ ಎಣಿಸಿ. ಎದುರು ದಿಕ್ಕಿಗೂ ಹೊಡೆದು ಸರಾಸರಿ ತೆಗೆಯಿರಿ. ಪ್ರತಿ ಕೋರ್ಸಿನಲ್ಲೂ ಇದೇ ಮಾಡಿದರೆ ನಿಮ್ಮದೇ ಒಂದು ಅಳತೆ ಸಿಗುತ್ತದೆ.

ಆಮೇಲೆ ಬೆಟ್ಟ. ಇಲ್ಲಿ ಆಡಲು ಶುರು ಮಾಡಿದಾಗ ಒಬ್ಬ ಕ್ಯಾಡಿ ಹುಡುಗ ನನಗೆ ಹೇಳಿದ್ದ, "ಸಾರ್, ಬೆಟ್ಟ ನೋಡ್ಕೊಂಡು ಹೊಡೀರಿ. ಬಾಲ್ ಬೆಟ್ಟ ಬಿಟ್ಟು ಈ ಕಡೆಗೇ ಬರುತ್ತೆ." ಕಣ್ಣಿಗೆ ಮಟ್ಟ ಅನ್ನಿಸಿದರೂ ಬೆಟ್ಟದ ಬುಡದ ನೆಲ ಪೂರ್ತಿ ಒಂದು ಕಡೆ ಇಳಿದಿರುತ್ತದೆ, ನಮಗೆ ಅದು ತಿಳಿಯುವುದಿಲ್ಲ. ಸ್ಕಾಟ್ಸ್‌ಡೇಲ್‌ನಲ್ಲೂ ಪಕ್ಕದಲ್ಲೇ ಬೆಟ್ಟ ಸಾಲು. ಡಾಕ್ಟರು ಯಾರದೋ ಆ್ಯಪ್ ನೋಡುತ್ತಿದ್ದರು. ನಾನು ಆ ಹುಡುಗನ ಮಾತು ನೆನೆದು ಎರಡು ಅಂಗುಲ ಬೆಟ್ಟದ ಕಡೆಗೆ ಗುರಿ ಇಟ್ಟೆ. ಇಪ್ಪತ್ತು ಅಡಿ ಪಟ್ ಒಳಗೆ ಹೋಯಿತು. ಊರಿಗೆ ಬಂದ ಮೇಲೆ ಅವನನ್ನು ಹುಡುಕಿ ಹೇಳಿದೆ. ಈಗ ಅವನು ಹುಡುಗನಲ್ಲ, ಅವನಿಗೇ ಇಬ್ಬರು ಮಕ್ಕಳು.

ಕೊನೆಯ ಕಾಲಂ ನೀರಿನದು. ಕಾವೇರಿ ಪಕ್ಕದಲ್ಲಿ ಬೆಳೆದವರು ನಾವು. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತಾ ಅಂತ ಪ್ರತಿ ವರ್ಷ ಕಾಯುವವರು. ಬೇಸಿಗೆಯಲ್ಲಿ ಮಂಡ್ಯದ ರೈತರು ನಾಲೆಗೆ ನೀರು ಬಿಡಿ ಅಂತ ಕೇಳುವಾಗ, ಆಟದ ಹುಲ್ಲಿಗೆ ಎಲ್ಲಿಯ ನೀರು ಅಂತ ಕೇಳುವ ಜವಾಬ್ದಾರಿ ಆಡುವ ನಮ್ಮ ಮೇಲಿದೆ. ಮರಳುಗಾಡಿನಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಮೈಸೂರಿನ ಮಳೆಯ ಕಾಲು ಭಾಗದಷ್ಟು. ಅಲ್ಲಿ ಎಷ್ಟೋ ಕೋರ್ಸುಗಳು ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಳಸುತ್ತವೆ. ಅಂಥ ಕಡೆ ಕೆರೆ ಪಕ್ಕ, ನಲ್ಲಿ ಪಕ್ಕ ಕುಡಿಯಬೇಡಿ ಅನ್ನುವ ಬೋರ್ಡ್ ಇರುತ್ತದೆ. ನಾವು ಕೌಂಟರಿನಲ್ಲೇ ಕೇಳುತ್ತೇವೆ: ಯಾವ ನೀರು, ಎಷ್ಟು ಎಕರೆ ಹುಲ್ಲು, ಚಳಿಗಾಲದಲ್ಲಿ ಫೇರ್‌ವೇಗೂ ಬೀಜ ಹಾಕುತ್ತೀರಾ ಅಥವಾ ಗ್ರೀನಿಗೆ ಮಾತ್ರವಾ? ಒಂದು ಕಡೆ ಫೇರ್‌ವೇಯನ್ನು ಒಣ ಬಣ್ಣದಲ್ಲೇ ಬಿಟ್ಟಿದ್ದರು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಆದರೆ ಮಲಗಿದ ಗರಿಕೆಯ ಮೇಲೆ ಬಾಲ್ ಚಾಪೆ ಮೇಲೆ ಕೂತ ಹಾಗೆ ಕೂರುತ್ತದೆ. ಅಷ್ಟು ಒಳ್ಳೆಯ ಲೈ, ಅಂದರೆ ಬಾಲ್ ಕೂರುವ ರೀತಿ, ನನಗೆ ಬೇರೆಲ್ಲೂ ಸಿಕ್ಕಿಲ್ಲ.

[ದೃಶ್ಯ: ನಾಲ್ವರೂ ಮೊದಲ ಟೀ ಮೇಲೆ. ಮೇಷ್ಟ್ರ ಕೈಯಲ್ಲಿ ನೋಟ್‌ಬುಕ್.]

ಈಗ ಇದೇ ಪುಸ್ತಕ ಹಿಡಿದು ನಮ್ಮ ಊರಿನ 18 ಹೋಲುಗಳನ್ನು ಮತ್ತೆ ನಡೆಯಲು ಹೊರಟಿದ್ದೇವೆ. ಇಷ್ಟು ವರ್ಷ ಆಡಿದರೂ ಇಲ್ಲಿ ಯಾವ ಹೋಲಿನಲ್ಲಿ ಮೇಷ್ಟ್ರಿಗೆ ದಾರಿ ಇಲ್ಲ ಅಂತ ನಾವು ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ವಿಡಿಯೋ ಅದರ ಮೇಲೆ. ನೀವು ಆಡುವ ಕೋರ್ಸಿನಲ್ಲಿ ಸ್ಲೋಪ್ ಎಷ್ಟು, ಟೀಯಿಂದ ಎಷ್ಟು ಗಜ ಹಾರಿಸಲೇಬೇಕು ಅಂತ ಕೆಳಗೆ ಬರೆಯಿರಿ. ಮೇಷ್ಟ್ರು ಆಗಲೇ ಟೀ ಊರಿದ್ದಾರೆ, ನಾನು ಹೊರಟೆ.