ಕದ್ದ ಹಣ್ಣು, ಕೇಳುವ ಕಿವಿ

ಹದಿನಾರು ವರ್ಷದ ಹುಡುಗನೊಬ್ಬ ಗೆಳೆಯರನ್ನು ಕಟ್ಟಿಕೊಂಡು, ಅಪರಾತ್ರಿಯಲ್ಲಿ ತನ್ನ ಮನೆಯವರ ದ್ರಾಕ್ಷಿತೋಟದ ಹತ್ತಿರವಿದ್ದ ಬೇರೆಯವರ ಪೇರ್ ಮರವನ್ನು ಅಲುಗಿಸಿ ಹಣ್ಣು ಕದ್ದ. ಹಸಿವೇನೂ ಇರಲಿಲ್ಲ. ಆ ಹಣ್ಣು ನೋಡಲು ಚೆನ್ನಾಗಿರಲಿಲ್ಲ, ರುಚಿಯೂ ಅಷ್ಟಕ್ಕಷ್ಟೆ. ಒಂದೆರಡು ಕಚ್ಚಿ ನೋಡಿ, ಉಳಿದದ್ದನ್ನೆಲ್ಲ ಹಂದಿಗಳಿಗೆ ಎಸೆದರು. ಈಗಿನ ಅಲ್ಜೀರಿಯದಲ್ಲಿರುವ ತಗಾಸ್ತೆ ಎಂಬ ಊರಿನಲ್ಲಿ, 370ನೇ ಇಸವಿಯ ಸುಮಾರಿಗೆ ನಡೆದ ಕಳ್ಳತನ ಇದು. ಇಷ್ಟು ಚಿಲ್ಲರೆ ಸಂಗತಿ ಇವತ್ತಿಗೂ ನಮಗೆ ಗೊತ್ತಿದೆ, ಏಕೆಂದರೆ ಕದ್ದವನೇ ನಲವತ್ತು ದಾಟಿ, ಬಿಷಪ್ ಆದ ಮೇಲೆ, ಅದನ್ನು ಪುಟಗಟ್ಟಲೆ ಬರೆದಿಟ್ಟ. ಅವನ ಹೆಸರು ಅಗಸ್ಟೀನ್. ಮಾಡಿದ ತಪ್ಪನ್ನು ಹೇಳಿಕೊಳ್ಳುವ ಕ್ರೈಸ್ತರ ಅಭ್ಯಾಸ ತನ್ನ ಬದುಕನ್ನು ತಾನೇ ಬರೆಯುವ ಸಾಹಿತ್ಯವಾಗಿ ಬೆಳೆದ ಬಗೆಯೇ ಈ ವೀಡಿಯೊದ ವಿಷಯ.

ಈಗ ಪರದೆಯ ಮೇಲೆ ಕಾಣುತ್ತಿರುವುದು ಇಟಲಿಯ ಮಿಲಾನಿನ ಕೆಥೆಡ್ರಲ್‌ನ, ಅಂದರೆ ಅಲ್ಲಿನ ಮುಖ್ಯ ಚರ್ಚಿನ, ನೆಲದಡಿ. ಬೆಳಕು ಕಡಿಮೆಯಿದೆ, ಚಿತ್ರ ಸ್ವಲ್ಪ ಮಸುಕಾಗಿದೆ, ಹೊಂದಿಸಿಕೊಳ್ಳಿ. ಮಧ್ಯದಲ್ಲಿ ಎಂಟು ಮೂಲೆಯ ದೊಡ್ಡ ಕೊಳದಂಥದ್ದು ಕಾಣುತ್ತದಲ್ಲವೇ? 387ರ ಈಸ್ಟರ್ ಸಮಯದಲ್ಲಿ ಬಿಷಪ್ ಅಂಬ್ರೋಸ್ ಇಲ್ಲಿಯೇ ಅಗಸ್ಟೀನನನ್ನು ಕ್ರೈಸ್ತನಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನ ಕೊಟ್ಟ. ಜೊತೆಗೆ ಅವನ ಹದಿಹರೆಯದ ಮಗನಿಗೂ. ಎಂಟು ಮೂಲೆ ಏಕೆಂದರೆ, ಕ್ರಿಸ್ತನು ಎದ್ದುಬಂದ ಭಾನುವಾರ ವಾರದ ಏಳು ದಿನಗಳ ಲೆಕ್ಕ ಮೀರಿದ ಎಂಟನೆಯ ದಿನ ಎಂಬುದು ಅವರ ನಂಬಿಕೆ.

ಅಗಸ್ಟೀನನು ಸುಮಾರು 397ರಲ್ಲಿ ಬರೆಯಲು ಹಿಡಿದ ‘ಕನ್ಫೆಷನ್ಸ್’ (ನಿವೇದನೆಗಳು) ಪುಸ್ತಕವನ್ನು ನಾನು ಭಕ್ತಿಯಿಂದ ಓದಲು ತೊಡಗಿದವಳಲ್ಲ. ಜೂಲಿಯಸ್ ಸೀಸರ್ ತನ್ನ ಯುದ್ಧಗಳ ಬಗ್ಗೆ ಬರೆದಾಗ ತನ್ನನ್ನೇ ‘ಸೀಸರ್ ಹೀಗೆ ಮಾಡಿದ, ಹಾಗೆ ಮಾಡಿದ’ ಎಂದು ದೂರ ನಿಂತು ಬಣ್ಣಿಸಿಕೊಂಡ. ಅಗಸ್ಟೀನನದು ಬೇರೆಯೇ ಜಾಡು. ಇಡೀ ಪುಸ್ತಕದುದ್ದಕ್ಕೂ ಅವನು ದೇವರನ್ನು ‘ನೀನು’ ಎಂದು ಕರೆದು ಮಾತನಾಡುತ್ತಾನೆ. ಕೇಳುವವನಿಗೆ ಎಲ್ಲವೂ ಮೊದಲೇ ಗೊತ್ತು. ಹಾಗಿದ್ದ ಮೇಲೆ ಸುದ್ದಿ ಮುಟ್ಟಿಸುವ ಹಂಗಿಲ್ಲ. ಏನು ಮಾಡಿದೆ ಎನ್ನುವುದು ಎರಡು ಸಾಲಿನಲ್ಲಿ ಮುಗಿಯುತ್ತದೆ, ಏಕೆ ಮಾಡಿದೆ ಎನ್ನುವುದು ಮುಗಿಯುವುದೇ ಇಲ್ಲ. ಒಬ್ಬನೇ ಇದ್ದಿದ್ದರೆ ಆ ಹಣ್ಣು ಕದಿಯುತ್ತಿದ್ದೆನೇ ಎಂದು ಅವನು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ಇಲ್ಲ, ಗೆಳೆಯರು ಇದ್ದುದರಿಂದಲೇ ಕದ್ದೆ ಎನ್ನುತ್ತಾನೆ. ಶಾಲೆಯಲ್ಲಿ ಗುಂಪು ಕಟ್ಟಿಕೊಂಡು ತಿರುಗಿದ ಯಾರಿಗಾದರೂ ಈ ಮಾತು ಚುಚ್ಚುತ್ತದೆ.

ಆದರೆ ಇಲ್ಲೊಂದು ತಕರಾರು ಹೇಳದೆ ಮುಂದೆ ಹೋಗಲಾರೆ. ಹತ್ತಕ್ಕೂ ಹೆಚ್ಚು ವರ್ಷ ಅವನ ಜೊತೆ ಬಾಳಿದ, ಅವನ ಮಗನನ್ನು ಹೆತ್ತ ಹೆಂಗಸಿನ ಹೆಸರನ್ನು ಅವನು ಒಂದು ಕಡೆಯೂ ಬರೆಯುವುದಿಲ್ಲ. ಒಳ್ಳೆಯ ಮನೆತನದ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು, ಇವಳನ್ನು ಆಫ್ರಿಕಾಕ್ಕೆ ವಾಪಸು ಕಳುಹಿಸಲಾಯಿತು, ಮಗ ತಂದೆಯ ಬಳಿ ಉಳಿದ. ಅವಳು ಇನ್ನೊಬ್ಬನನ್ನು ಸೇರುವುದಿಲ್ಲ ಎಂದು ಹರಕೆ ಹೊತ್ತು ಹೋದಳು. ಇವನೋ, ಹುಡುಗಿ ಮದುವೆಯ ವಯಸ್ಸಿಗೆ ಬರುವವರೆಗೂ ಕಾಯಲಾರದೆ ಮತ್ತೊಬ್ಬಳನ್ನು ಇಟ್ಟುಕೊಂಡ. ತನ್ನ ಹೃದಯದಿಂದ ರಕ್ತ ಸುರಿಯಿತು ಎಂದು ಬರೆದಿದ್ದಾನೆ, ನಿಜ. ಕದ್ದ ಹಣ್ಣಿಗೆ ಸಿಕ್ಕಷ್ಟು ಜಾಗ ಅವಳಿಗೆ ಸಿಕ್ಕಿಲ್ಲ ಎನ್ನುವುದೂ ಅಷ್ಟೇ ನಿಜ.

ಈಗ ಮೆಟ್ಟಿಲು ಹತ್ತಿ ಮೇಲೆ ಬರೋಣ. ಇದೇ ಕೆಥೆಡ್ರಲ್‌ನಲ್ಲಿ 16ನೇ ಶತಮಾನದ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಸಮಾಧಿಯಿದೆ. ಪಾಪನಿವೇದನೆಗೆ ಬಳಸುವ ಮರದ ಪೆಟ್ಟಿಗೆ ಹೇಗಿರಬೇಕು, ಪಾದ್ರಿಗೂ ಮಂಡಿಯೂರಿದವರಿಗೂ ನಡುವೆ ಸಣ್ಣ ರಂಧ್ರಗಳ ತಡಿಕೆ ಹೇಗೆ ಕೂರಬೇಕು ಎಂದು 1577ರಲ್ಲಿ ಬಡಗಿಗೆ ಹೇಳುವಷ್ಟು ವಿವರವಾಗಿ ನಿಯಮ ಬರೆದವನು ಇವನು. ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ತನ್ನ ಪಾಪಗಳನ್ನು ಪಾದ್ರಿಯ ಮುಂದೆ ಹೇಳಿಕೊಳ್ಳಲೇಬೇಕೆಂಬ ಕಟ್ಟಳೆ ಅದಕ್ಕೂ ಹಳೆಯದು, 1215ರಲ್ಲಿ ರೋಮಿನಲ್ಲಿ ನಡೆದ ಚರ್ಚಿನ ಲ್ಯಾಟರನ್ ಮಹಾಸಭೆಯದು. ಕೇಳಿದ್ದನ್ನು ಹೊರಗೆ ಬಾಯಿಬಿಟ್ಟ ಪಾದ್ರಿಯನ್ನು ಹುದ್ದೆಯಿಂದ ಇಳಿಸಿ, ಸಾಯುವವರೆಗೂ ಕಟ್ಟುನಿಟ್ಟಿನ ಮಠದಲ್ಲಿ ಇಡಬೇಕೆಂದೂ ಅದೇ ಕಟ್ಟಳೆ ಹೇಳುತ್ತದೆ. ಅಂದರೆ ರೈತ, ನೇಕಾರ, ಸೂಲಗಿತ್ತಿ, ಎಲ್ಲರೂ ವರ್ಷಕ್ಕೊಂದು ಸಲ ತಮ್ಮ ಬದುಕಿನ ಕಥೆಯನ್ನು ಒಬ್ಬರ ಕಿವಿಗೆ ಹಾಕಲೇಬೇಕಾಯಿತು. ಶತಮಾನಗಟ್ಟಲೆ ನಡೆದ ಈ ತಾಲೀಮು ಮುಂದೆ ಹುಟ್ಟಲಿದ್ದ ಸಾಹಿತ್ಯಕ್ಕೆ ನೆಲ ಹದ ಮಾಡಿತು ಎಂಬುದು ನನ್ನ ಅನಿಸಿಕೆ.

ಆ ತಾಲೀಮು ಏನೆಂದು ನನಗೂ ಗೊತ್ತು, ನಾನು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು. ಸಾಲಿನಲ್ಲಿ ನಿಂತಾಗ ಬೆರಳು ಮಡಚುತ್ತ ಪಾಪಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಸುಳ್ಳು ಹೇಳಿದ್ದು, ಅಮ್ಮನಿಗೆ ಎದುರು ಮಾತನಾಡಿದ್ದು, ತಂಗಿಗೆ ಹೊಡೆದದ್ದು. ನಿಜವಾಗಿ ನಾಚಿಕೆಯಾಗುವಂಥದ್ದೊಂದು ಇದ್ದರೆ ಅದನ್ನು ಎರಡು ಸಣ್ಣ ಪಾಪಗಳ ನಡುವೆ ತುರುಕಿ, ಉಸಿರು ಬಿಡದೆ ಹೇಳಿ ಮುಗಿಸುವುದು. ತಡಿಕೆಯಾಚೆ ಫಾದರ್ ಕೆಮ್ಮಿದರೆ ಸಿಕ್ಕಿಬಿದ್ದೆ ಎಂದು ಎದೆ ಧಸಕ್ಕೆನ್ನುತ್ತಿತ್ತು. ಕೊನೆಗೆ ಮೂರು ಸಲ ನಮೋ ಮರಿಯಾ ಪ್ರಾರ್ಥನೆ ಹೇಳಲು ತಿಳಿಸಿ ಕಳುಹಿಸುತ್ತಿದ್ದರು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಹಾರಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದನ್ನೆಲ್ಲ ನಾನು ಕಲಿತದ್ದು ಅಲ್ಲಿಯೇ. ವೀಡಿಯೊ ಸಂಕಲನ ಮಾಡುವಾಗ ಇವತ್ತಿಗೂ ಕೈಹಿಡಿಯುವುದು ಅದೇ ವಿದ್ಯೆ.

ಕೇಳುವ ಕಿವಿ ಕಾವಲಿನ ಕಿವಿಯೂ ಆಗಬಹುದು. ಸ್ಪೇನಿನ ಆವಿಲದ ಸನ್ಯಾಸಿನಿ ತೆರೆಸಾ 1565ರಲ್ಲಿ ಮುಗಿಸಿದ ಆತ್ಮಕಥೆಯನ್ನು ಬರೆದದ್ದು ತನ್ನ ಪಾಪನಿವೇದನೆ ಕೇಳುವ ಗುರುಗಳ ಅಪ್ಪಣೆಯಂತೆ. ಮುಂದೆ ಅದರ ಹಸ್ತಪ್ರತಿ ಚರ್ಚಿನ ಬೋಧನೆಗೆ ವಿರುದ್ಧವಾದುದನ್ನು ಹುಡುಕಿ ಶಿಕ್ಷಿಸುತ್ತಿದ್ದ ಧರ್ಮವಿಚಾರಣಾ ನ್ಯಾಯಾಲಯದ ಕೈಸೇರಿತು.

ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟಂಟರು ಪಾದ್ರಿಯನ್ನು ನಡುವಿನಿಂದ ಸರಿಸಿದರು, ಆ ಜಾಗಕ್ಕೆ ದಿನಚರಿ ಪುಸ್ತಕ ಬಂತು. 1719ರಲ್ಲಿ ಬಂದ ಡೇನಿಯಲ್ ಡೆಫೋನ ‘ರಾಬಿನ್ಸನ್ ಕ್ರೂಸೋ’ ಕಾದಂಬರಿಯನ್ನು ನಾವೆಲ್ಲ ಸಾಹಸದ ಕಥೆಯೆಂದು ಓದಿದ್ದೇವೆ. ದ್ವೀಪದಲ್ಲಿ ಜ್ವರ ಹಿಡಿದು ಮಲಗಿದ ಕ್ರೂಸೋ ಔಷಧಿಗೆಂದು ಹೊಗೆಸೊಪ್ಪು ಹುಡುಕುತ್ತ ಪೆಟ್ಟಿಗೆ ತೆರೆಯುತ್ತಾನೆ, ಒಳಗೆ ಬೈಬಲ್ ಸಿಗುತ್ತದೆ. ಸುಮ್ಮನೆ ಬಿಚ್ಚಿದ ಪುಟದಲ್ಲಿ ಕಣ್ಣಿಗೆ ಬೀಳುವ ಸಾಲು ‘ಕಷ್ಟದ ದಿನದಲ್ಲಿ ನನಗೆ ಮೊರೆಯಿಡು’ ಎನ್ನುತ್ತದೆ. ಇದನ್ನು ಓದುವಾಗ ನಾನು ಪುಸ್ತಕ ಕೆಳಗಿಟ್ಟು ನಕ್ಕೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಳುತ್ತ ಕೂತಿದ್ದ ಅಗಸ್ಟೀನ್ ‘ಎತ್ತಿಕೋ, ಓದು’ ಎಂಬ ಮಗುವಿನ ದನಿ ಕೇಳಿ, ಬೈಬಲಿನಲ್ಲಿರುವ ಪೌಲನ ಪತ್ರಗಳನ್ನು ಹೀಗೆಯೇ ತೆರೆದು, ಕಣ್ಣಿಗೆ ಬಿದ್ದ ಸಾಲಿಗೆ ಶರಣಾಗಿದ್ದ. ಹದಿಮೂರು ಶತಮಾನ ಕಳೆದರೂ ತಿರುವು ಅದೇ.

18ನೇ ಶತಮಾನದ ಚಿಂತಕ ರೂಸೋ ಬರುವ ಹೊತ್ತಿಗೆ ಕೇಳುವ ಕುರ್ಚಿಯಲ್ಲಿ ಕೂತವರೇ ಬದಲಾಗಿದ್ದರು. 1782ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾಗತೊಡಗಿದ ಅವನ ಆತ್ಮಕಥೆಗೂ ‘ಕನ್ಫೆಷನ್ಸ್’ ಎಂದೇ ಹೆಸರು. ಅವನು ದೇವರನ್ನು ಕರೆಯುತ್ತಾನೆ, ಜೊತೆಗೆ ತನ್ನ ಕಥೆ ಕೇಳಲು ಮನುಷ್ಯರ ದೊಡ್ಡ ಜಾತ್ರೆಯನ್ನೇ ನೆರೆಸಿಕೊಡು ಎಂದು ಬೇಡುತ್ತಾನೆ. ಹುಡುಗನಾಗಿದ್ದಾಗ ಇಟಲಿಯ ಟೂರಿನ್ನಿನ ಮನೆಯೊಂದರಲ್ಲಿ ಚಾಕರಿಗಿದ್ದ ಅವನು ಒಂದು ರಿಬ್ಬನ್ ಕದ್ದು, ಸಿಕ್ಕಿಬಿದ್ದಾಗ ಅಡುಗೆಯ ಹುಡುಗಿ ಮಾರಿಯಾನ್ ಮೇಲೆ ಹೊರಿಸಿದ. ಇಬ್ಬರ ಕೆಲಸವೂ ಹೋಯಿತು. ಇದನ್ನು ಬರೆದು ಎದೆ ಹಗುರ ಮಾಡಿಕೊಳ್ಳುತ್ತಾನೆ. ಆದರೆ ಜಾತ್ರೆಯ ಜನಕ್ಕೆ ಕ್ಷಮಿಸುವ ಅಧಿಕಾರ ಎಲ್ಲಿಂದ ಬರಬೇಕು? ಮಾರಿಯಾನ್‌ಗೆ ಆ ಅಧಿಕಾರವಿತ್ತು, ಅವಳನ್ನು ಕೇಳಿದವರಿಲ್ಲ. ಕ್ಯಾಮೆರಾ ಮುಂದೆ ಕಣ್ಣೀರಿಡುವ ನಮ್ಮಂಥವರೆಲ್ಲ ಅಗಸ್ಟೀನನಿಗಿಂತ ರೂಸೋನ ಮಕ್ಕಳು.

ಇದೇ ನಿವೇದನೆಯ ರೀತಿಯನ್ನು ತಿರುಗಿಸಿ ಹಿಡಿದವರೂ ಇದ್ದಾರೆ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಬದುಕನ್ನು ಬರೆದ. ಅವನ ಯಜಮಾನ 1832ರಲ್ಲಿ ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರ ಸಭೆಗೆ ಹೋಗಿ ಭಕ್ತನಾದ. ಇನ್ನಾದರೂ ಮೆದುವಾಗುತ್ತಾನೆ ಎಂದು ಡಗ್ಲಸ್ ಆಸೆಪಟ್ಟಿದ್ದ. ಆ ಮನುಷ್ಯ ಇನ್ನಷ್ಟು ಕ್ರೂರಿಯಾದ. ಸುಟ್ಟು ಕೈಗಳು ಊನವಾಗಿದ್ದ ಹುಡುಗಿಯೊಬ್ಬಳನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆಯುತ್ತ, ಯಜಮಾನನ ಚಿತ್ತ ತಿಳಿದೂ ನಡೆಯದ ಆಳಿಗೆ ಬಹಳ ಪೆಟ್ಟು ಬೀಳುವುದೆಂಬ ಬೈಬಲ್ ವಾಕ್ಯ ಹೇಳುತ್ತಿದ್ದ. ಡಗ್ಲಸ್ ಪುಸ್ತಕದ ಕೊನೆಗೊಂದು ಅನುಬಂಧ ಸೇರಿಸಿ, ಕ್ರಿಸ್ತನ ಧರ್ಮ ಬೇರೆ, ಈ ನಾಡಿನ ಗುಲಾಮರೊಡೆಯರ ಧರ್ಮ ಬೇರೆ, ಒಂದನ್ನು ಪ್ರೀತಿಸುವವನು ಇನ್ನೊಂದನ್ನು ದ್ವೇಷಿಸಲೇಬೇಕು ಎಂದು ಖಡಾಖಂಡಿತವಾಗಿ ಬರೆದ. ‘ನಾನು ಪಾಪ ಮಾಡಿದೆ’ ಎಂದು ಹೇಳಲು ಬೆಳೆದ ಪ್ರಕಾರವೊಂದು ಅವನ ಕೈಯಲ್ಲಿ ‘ನೀವು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ’ ಎಂದಿತು. ಈ ಪರಂಪರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಅನುಬಂಧವೇ.

ಈಗಲೂ ಚರ್ಚಿಗೆ ಹೋಗುತ್ತೀರಾ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಿರುತ್ತೀರಿ. ಹೋಗುತ್ತೇನೆ, ಹೆಚ್ಚಾಗಿ ಹಾಡಿಗೆ. ಕೆಲವೊಮ್ಮೆ ಆ ಪೆಟ್ಟಿಗೆಯ ಮುಂದಿನ ಸಾಲಿನಲ್ಲೂ ನಿಲ್ಲುತ್ತೇನೆ. ಅಲ್ಲಿ ಹೇಳುವುದನ್ನು ಇಲ್ಲಿ ಹೇಳುವುದಿಲ್ಲ, ಕೇಳಿ ಪ್ರಯೋಜನವಿಲ್ಲ. ಮುಂದಿನ ವೀಡಿಯೊ ಆವಿಲದ ಕೋಟೆ ಗೋಡೆಯ ಮೇಲಿಂದ. ಅಲ್ಲಿ ಗಾಳಿ ಜೋರು, ನನ್ನ ಧ್ವನಿ ಎಷ್ಟು ಕೇಳಿಸುತ್ತದೆಯೋ ನೋಡಬೇಕು.