ಗರ್ಭಕೋಶದ ಗೋಡೆಗಳು ಅಂಟಿಕೊಂಡರೆ? 'ಕ್ಲೀನ್' ಮಾಡಿಸುವ ಮುಂಚೆ ಇದನ್ನು ಕೇಳಿ

ನಮಸ್ಕಾರ. ಈ ಚಾನೆಲ್‌ಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಊರು ಬೇರೆ ಬೇರೆ, ಕಥೆ ಹೆಚ್ಚುಕಮ್ಮಿ ಒಂದೇ. "ಮೂರನೇ ತಿಂಗಳಲ್ಲಿ ಗರ್ಭ ಹೋಯಿತು. ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿದರು. ಆಮೇಲಿಂದ ಮುಟ್ಟು ಅಂದರೆ ಒಂದೇ ದಿನ, ಅದೂ ಬಟ್ಟೆಗೆ ತಾಗಿದಷ್ಟು. ಮನೆಯಲ್ಲಿ ಹೇಳಿದರೆ, ಒಳ್ಳೇದೇ ಆಯ್ತು ಬಿಡು, ರಗಳೆ ಕಮ್ಮಿ ಅಂತಾರೆ. ಇದನ್ನ ಹೀಗೇ ಬಿಡಬಹುದಾ?"

ಬಿಡಬೇಡಿ. ತೋರಿಸಿಕೊಳ್ಳಿ. ಥೈರಾಯ್ಡ್ ಇರಬಹುದು, ಬೇರೆ ಹಾರ್ಮೋನ್ ತೊಂದರೆ ಇರಬಹುದು. ಆದರೆ ಇನ್ನೊಂದು ಕಾರಣವೂ ಇದೆ, ಅದರ ಹೆಸರೇ ಎಷ್ಟೋ ಜನರ ಕಿವಿಗೆ ಬಿದ್ದಿಲ್ಲ. ಗರ್ಭಕೋಶದ ಒಳಗೆ ಗಾಯವಾಗಿ, ಅದು ಮಾಯುವಾಗ ಗೋಡೆಗೆ ಗೋಡೆ ಅಂಟಿಕೊಳ್ಳುವುದು. ಆಶರ್‌ಮನ್ ಸಿಂಡ್ರೋಮ್.

[ಪರದೆಯ ಮೇಲೆ: ಪಠ್ಯಪುಸ್ತಕದ ಗರ್ಭಕೋಶದ ಚಿತ್ರ]

ಈ ಚಿತ್ರ ಎಲ್ಲರೂ ನೋಡಿದ್ದೀರಿ. ನಡುವೆ ತ್ರಿಕೋನದ ಖಾಲಿ ಜಾಗ, ಅಲ್ವಾ? ನಿಜವಾದ ದೇಹದಲ್ಲಿ ಅಲ್ಲಿ ಜಾಗವೇ ಇಲ್ಲ. ಬಸಿರಿಲ್ಲದಾಗ ಮುಂದಿನ ಗೋಡೆ, ಹಿಂದಿನ ಗೋಡೆ ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಹಗಲೂ ರಾತ್ರಿ, ವರ್ಷಗಟ್ಟಲೆ. ಹಾಗಿದ್ದರೆ ಎಲ್ಲರಿಗೂ ಯಾಕೆ ಅಂಟಿಕೊಳ್ಳುವುದಿಲ್ಲ?

ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಈ ಪ್ರಶ್ನೆ. ಸ್ವಲ್ಪ ಇಲ್ಲೇ ನಿಲ್ಲೋಣ.

ಗರ್ಭಕೋಶದ ಒಳಪದರದಲ್ಲಿ ಎರಡು ಭಾಗ. ಮೇಲಿನದು ಪ್ರತಿ ತಿಂಗಳೂ ಬೆಳೆದು, ಮುಟ್ಟಿನಲ್ಲಿ ಕಳಚಿ ಹೋಗುತ್ತದೆ. ಕೆಳಗಿನದು ತೆಳ್ಳಗಿನ ಬುಡದ ಪದರ. ಅದು ಎಂದೂ ಹೋಗುವುದಿಲ್ಲ. ಮಂಡ್ಯದ ಕಡೆಯವರಿಗೆ ಕೂಳೆ ಕಬ್ಬು ಗೊತ್ತು. ಕಬ್ಬನ್ನು ನೆಲಮಟ್ಟಕ್ಕೆ ಕಡಿಯುತ್ತಾರೆ. ಗದ್ದೆ ಬೋಳಾಗಿ ಕಾಣುತ್ತದೆ. ಹೊಸ ಬಿತ್ತನೆ ಏನೂ ಬೇಡ, ಮಣ್ಣಲ್ಲಿ ಉಳಿದ ಬುಡದ ಕಣ್ಣುಗಳಿಂದಲೇ ಮರಿ ಒಡೆದು ಇನ್ನೊಂದು ಬೆಳೆ ಬರುತ್ತದೆ. ಮುಟ್ಟೂ ಹಾಗೇ. ಮೇಲಿನದು ಹೋದರೂ ಬುಡದಿಂದ ಹೊಸ ಚಿಗುರು. ಆದರೆ ಕೂಳೆಯನ್ನು ಕೆಲವು ವರ್ಷಕ್ಕೆ ಕಿತ್ತು ಹೊಸದಾಗಿ ನಾಟಿ ಮಾಡಬೇಕು. ಗರ್ಭಕೋಶ ಒಂದೇ ಬುಡದಿಂದ ಜೀವಮಾನದಲ್ಲಿ ಸುಮಾರು 400 ಸಲ ಹೊಸ ಪದರ ಬೆಳೆಸುತ್ತದೆ. ರಕ್ತ ಹೋಗುತ್ತಿರುವಾಗಲೇ ರಿಪೇರಿ ಶುರು, ಮುಟ್ಟು ನಿಲ್ಲುವಷ್ಟರಲ್ಲಿ ಮೇಲ್ಮೈ ಮುಚ್ಚಿಕೊಂಡಿರುತ್ತದೆ. ಒಂದೇ ಒಂದು ಕಲೆ ಉಳಿಯದೆ! ಮಂಡಿ ತರಚಿದರೆ ಗುರುತು ಉಳಿಯುತ್ತದೆ, ಆಪರೇಷನ್ ಗೀರು ಸಾಯುವವರೆಗೂ ಇರುತ್ತದೆ. ಹೀಗೆ ಕಲೆಯಿಲ್ಲದೆ ಮಾಯುವ ಶಕ್ತಿ ದೊಡ್ಡವರ ದೇಹದಲ್ಲಿ ಬೇರೆ ಕಡೆ ಸಿಗುವುದೇ ಅಪರೂಪ.

ಈಗ ಆ ಬುಡವನ್ನೇ ಅಗೆದು ತೆಗೆದರೆ? ಚಿಗುರು ಎಲ್ಲಿಂದ ಬರಬೇಕು? ಎರಡೂ ಗೋಡೆ ಹಸಿ ಗಾಯ, ಎರಡೂ ತಾಗಿಕೊಂಡಿವೆ. ಮಾಯುವಾಗ ಕಲೆಯ ಎಳೆಗಳು ಈ ಗೋಡೆಯಿಂದ ಆ ಗೋಡೆಗೆ ಸೇತುವೆ ಕಟ್ಟಿಬಿಡುತ್ತವೆ.

[ಪರದೆಯ ಮೇಲೆ: ಕ್ಯುರೆಟ್]

ಬುಡ ಅಗೆಯುವುದು ಇದು. ಉದ್ದನೆಯ ಉಕ್ಕಿನ ಕಡ್ಡಿ, ತುದಿಯಲ್ಲಿ ಅಂಚು ಹರಿತವಾದ ಬಳೆ. ಡಿ ಅಂಡ್ ಸಿ ಅನ್ನುತ್ತಾರಲ್ಲ, ಅದರಲ್ಲಿ ಗರ್ಭಕೋಶದ ಬಾಯಿ ಹಿಗ್ಗಿಸಿ ಇದರಿಂದ ಕೆರೆಯುತ್ತಾರೆ. ಒಳಗೆ ಏನಾಗುತ್ತಿದೆ ಅಂತ ಡಾಕ್ಟರಿಗೆ ಕಾಣುವುದಿಲ್ಲ, ಕೈಯಂದಾಜು. ಎಲ್ಲಿ ನಿಲ್ಲಿಸಬೇಕು? ಮರಳು ಉಜ್ಜಿದಂತೆ ಕರಕರ ಅನ್ನಿಸಿದರೆ ಪೂರ್ತಿ ಕ್ಲೀನ್ ಆಯಿತು ಅಂತ ದಶಕಗಟ್ಟಲೆ ವೈದ್ಯರಿಗೆ ಕಲಿಸಿದರು. ಆ ಕರಕರ ಬರುವುದು ಮೆತ್ತನೆಯ ಪದರ ಮುಗಿದು ಉಕ್ಕು ಸ್ನಾಯುವಿನ ಹತ್ತಿರ ಬಂದಾಗ. ಅಷ್ಟರಲ್ಲಿ ಬುಡದ ಪದರಕ್ಕೂ ಪೆಟ್ಟು ಬಿದ್ದಿರಬಹುದು. ಕೆಲಸ ಚೆನ್ನಾಗಾಯಿತು ಅನ್ನುವ ಗುರುತೇ ಹಾನಿಯ ಗುರುತೂ ಆಗಿತ್ತು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ಬಸಿರಿನ ಗರ್ಭಕೋಶ ಮೊದಲೇ ಮೆದು. ಹೆರಿಗೆಯಾಗಿ ಎರಡರಿಂದ ನಾಲ್ಕು ವಾರದೊಳಗೆ, ಮಾಸಿನ ಚೂರು ಉಳಿದಿದೆ ಅಂತ ಕೆರೆದರೆ ಅಪಾಯ ಇನ್ನೂ ಜಾಸ್ತಿ. ಹಾಲೂಡಿಸುವ ಬಾಣಂತಿಯಲ್ಲಿ ಈಸ್ಟ್ರೋಜೆನ್ ಕಮ್ಮಿ ಇರುತ್ತದೆ. ಪದರ ಬೆಳೆಸುವುದು ಆ ಹಾರ್ಮೋನೇ.

ಇದು ಹೊಸ ವಿಷಯ ಅಂದುಕೊಳ್ಳಬೇಡಿ. ಜರ್ಮನಿಯ ಹೈನ್‌ರಿಕ್ ಫ್ರಿಚ್ 1894ರಲ್ಲೇ ಇಂಥ ಒಂದು ಪ್ರಕರಣ ಬರೆದಿದ್ದರು. ಇಸ್ರೇಲಿನ ಜೋಸೆಫ್ ಆಶರ್‌ಮನ್ 1948ರಲ್ಲಿ 29 ಹೆಂಗಸರ ವಿವರ ಪ್ರಕಟಿಸಿದರು. 1982ರಲ್ಲಿ ಅಲ್ಲಿನದೇ ಇಬ್ಬರು ವೈದ್ಯರು 1,856 ಪ್ರಕರಣಗಳನ್ನು ಒಟ್ಟುಮಾಡಿ ನೋಡಿದರೆ ನೂರಕ್ಕೆ 90ರಷ್ಟು ಗರ್ಭಪಾತ ಅಥವಾ ಹೆರಿಗೆಯ ನಂತರದವು. 2014ರ ಇನ್ನೊಂದು ವಿಶ್ಲೇಷಣೆಯಲ್ಲಿ, ಗರ್ಭಪಾತದ ನಂತರ ಕ್ಯಾಮೆರಾ ಹಾಕಿ ನೋಡಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಂಟು ಕಂಡಿತ್ತು. ಅರ್ಧಕ್ಕಿಂತ ಹೆಚ್ಚಿನವು ಸಣ್ಣವು, ಗಾಬರಿ ಬೇಡ. ಆದರೆ ಕ್ಲೀನಿಂಗ್ ಎರಡು ಮೂರು ಸಲ ಆದವರಲ್ಲಿ ಹೆಚ್ಚು.

ಪತ್ತೆ ಯಾಕೆ ತಡ? ರಕ್ತಪರೀಕ್ಷೆಯಲ್ಲಿ ಹಾರ್ಮೋನ್ ಎಲ್ಲ ಸರಿ. ಮಾಮೂಲಿ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕೆಲವರಿಗೆ ಮುಟ್ಟು ಸರಿಯಾಗೇ ಇರುತ್ತದೆ, ಮಗು ಮಾತ್ರ ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತದೆ, ರಕ್ತ ಮಾತ್ರ ಇಲ್ಲ. ಕೆಳಗೆ ದಾರಿ ಅಂಟಿ, ಒಳಗೇ ನಿಂತಿರುತ್ತದೆ. ಖಚಿತವಾಗಿ ಹೇಳುವುದು ಹಿಸ್ಟರೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಒಳಗೆ ಹಾಕಿ ನೋಡುವುದು.

ಈಗ ಮುಖ್ಯವಾದ ಮಾತು. ಇದರಲ್ಲಿ ದೊಡ್ಡ ಪಾಲನ್ನು ತಪ್ಪಿಸಬಹುದು.

ಹರಿತ ಕ್ಯುರೆಟ್‌ನಿಂದ ಕೆರೆದು ಗರ್ಭಪಾತ ಮಾಡುವುದು ಹಳೆಯ ಪದ್ಧತಿ, ಬಿಟ್ಟುಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಸಕ್ಷನ್ (ಕೆರೆಯದೆ, ಕೊಳವೆಯಿಂದ ಹೀರಿ ತೆಗೆಯುವುದು) ಮತ್ತು ಮಾತ್ರೆಯ ಕಡೆಗೇ ಇದೆ. ಸಕ್ಷನ್‌ಗೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಎಂವಿಎ ಅಂದರೆ 60 ಎಂಎಲ್‌ನ ಒಂದು ಸಿರಿಂಜ್, ಅದಕ್ಕೆ ಪ್ಲಾಸ್ಟಿಕ್ ಕೊಳವೆ. ಕರೆಂಟ್ ಬೇಡ. ಕಲಿತ ಕೈ ಇದ್ದರೆ ಸಣ್ಣ ಆಸ್ಪತ್ರೆಯಲ್ಲೂ ಆಗುತ್ತದೆ. ಸಕ್ಷನ್‌ನಿಂದ ಅಪಾಯ ಸೊನ್ನೆ ಆಗುತ್ತದೆ ಅಂತಲ್ಲ, ಆದರೆ ಉಕ್ಕಿನ ಅಂಚು ಗೋಡೆ ಕೆರೆಯುವುದು ತಪ್ಪುತ್ತದೆ. ಹೀಗಿದ್ದೂ ಸಕ್ಷನ್ ಮುಗಿದ ಮೇಲೆ "ಒಂದ್ಸಲ ನೋಡಿಬಿಡೋಣ" ಅಂತ ಕ್ಯುರೆಟ್ ಹಾಕುವ ಅಭ್ಯಾಸ ಹೋಗಿಲ್ಲ. ಅದು ಹೋಗಬೇಕು.

ಮನೆಯಲ್ಲಿ ಯಾರಿಗಾದರೂ ಕ್ಲೀನಿಂಗ್ ಹೇಳಿದ್ದರೆ ಡಾಕ್ಟರ ಹತ್ತಿರ ಹೀಗೆ ಕೇಳಿ. "ಮೇಡಂ, ಸ್ವಲ್ಪ ದಿನ ಕಾಯಬಹುದಾ? ಮಾತ್ರೆಯಲ್ಲೇ ಆಗುತ್ತಾ? ಮಾಡಲೇಬೇಕು ಅಂದರೆ ಸಕ್ಷನ್‌ನಲ್ಲಿ ಮಾಡ್ತೀರಾ? ಸ್ಕ್ಯಾನ್ ನೋಡಿಕೊಂಡು ಮಾಡೋಕಾಗುತ್ತಾ?" ಕೇಳುವುದರಲ್ಲಿ ತಪ್ಪಿಲ್ಲ, ಅವರಿಗೆ ಅವಮಾನವೂ ಅಲ್ಲ. ಒಂದು ಎಚ್ಚರಿಕೆ: ರಕ್ತ ಧಾರೆಯಾಗಿ ಹೋಗುತ್ತಿದ್ದರೆ, ಜ್ವರ ಬಂದು ಕೆಟ್ಟ ವಾಸನೆ ಇದ್ದರೆ, ಕಾಯುವ ಮಾತೇ ಇಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಲ್ಲಿ ಗರ್ಭಕೋಶ ಖಾಲಿ ಮಾಡುವುದೇ ಜೀವ ಉಳಿಸುವುದು.

ಈ ವಿಡಿಯೋ ನೋಡುತ್ತಿರುವ ವೈದ್ಯರಿಗೆ ಒಂದು ವಿನಂತಿ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದುಕೊಡಿ: "ಆರರಿಂದ ಎಂಟು ವಾರದಲ್ಲಿ ಮುಟ್ಟಾಗದಿದ್ದರೆ, ಅಥವಾ ತೀರಾ ಕಮ್ಮಿಯಾದರೆ ಬನ್ನಿ." ಸಕ್ಷನ್ ಮಾಡಿದಿರೋ ಕ್ಯುರೆಟ್ ಹಾಕಿದಿರೋ, ಅದನ್ನೂ ಬರೆಯಿರಿ. ನಾಲ್ಕು ವರ್ಷದ ನಂತರ ಮಕ್ಕಳಾಗಲಿಲ್ಲ ಅಂತ ಬೇರೆ ಊರಿನ ಕ್ಲಿನಿಕ್‌ನಲ್ಲಿ ಕೂತಾಗ ಅವಳ ಕೈಯಲ್ಲಿರುವುದು ಆ ಚೀಟಿ ಒಂದೇ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಚಿಕಿತ್ಸೆ ಇದೆ: ಕ್ಯಾಮೆರಾದಲ್ಲಿ ನೋಡುತ್ತಾ ಸಣ್ಣ ಕತ್ತರಿಯಿಂದ ಅಂಟು ಬಿಡಿಸುತ್ತಾರೆ. ಗೋಡೆಗಳು ಮತ್ತೆ ಕೂಡದಂತೆ ಕೆಲವು ದಿನ ಬಲೂನ್ ಇಡುವುದುಂಟು, ಈಸ್ಟ್ರೋಜೆನ್ ಕೊಡುವುದುಂಟು. ಜಾಸ್ತಿ ಅಂಟಿದ್ದರೆ ಮರುಕಳಿಸುವುದೂ ಹೆಚ್ಚು, ಅದಕ್ಕೇ ಅನುಭವ ಇರುವವರ ಹತ್ತಿರ ಹೋಗಿ. ನಮ್ಮ ದೇಶದಲ್ಲಿ ಇನ್ನೊಂದು ಕಾರಣ ಟಿಬಿ. ಕೆಮ್ಮು ಇಲ್ಲದೆಯೂ ಅದು ಗರ್ಭಕೋಶಕ್ಕೆ ಬರಬಹುದು. ಕ್ಲೀನಿಂಗ್ ಆಗದೇ ಇದ್ದವರಲ್ಲೂ ಮುಟ್ಟು ಕಮ್ಮಿಯಾಗುತ್ತಾ ಬಂದರೆ ಅದನ್ನೂ ಪರೀಕ್ಷಿಸಬೇಕು. ಚಿಕಿತ್ಸೆಯಾದ ಮೇಲೆ ಬಸಿರು ನಿಂತರೆ, ಅಂಟು ಬಿಡಿಸಿಕೊಂಡ ವಿಷಯವನ್ನು ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಿ. ಮಾಸು ಗೋಡೆಗೆ ಆಳವಾಗಿ ಕಚ್ಚಿಕೊಂಡು ಹೆರಿಗೆಯಲ್ಲಿ ರಕ್ತಸ್ರಾವ ಆಗುವ ಸಂಭವ ಇವರಿಗೆ ಹೆಚ್ಚು. ಸ್ಕ್ಯಾನ್‌ನಲ್ಲಿ ಮಾಸನ್ನು ವಿಶೇಷವಾಗಿ ನೋಡಿಸಿಕೊಳ್ಳಿ, ಹೆರಿಗೆಗೆ ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯನ್ನೇ ಆರಿಸಿ.