ಮಿಸ್ ಹೊಡೆಯುವ ಇಂಜಿನ್, ಮಿಟುಕುವ ದೀಪ

ಕೇಳುಗರಿಗೆ ನಮಸ್ಕಾರ.

ಎಂಟು ಸಿಲಿಂಡರಿನ ಪಿಕಪ್ ಟ್ರಕ್ಕೊಂದು ನಿಂತಲ್ಲೇ ನಡುಗುತ್ತಿದೆ. ಸೈಲೆನ್ಸರಿಗೆ ಕಿವಿಗೊಟ್ಟರೆ ನಡುನಡುವೆ ಒಂದು ಪೆಟ್ಟು ತಪ್ಪುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಮಿಟುಕುತ್ತಿದೆ. ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ; ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇಂಜಿನ್ ಮಿಸ್ ಹೊಡೆಯುತ್ತಿದೆ.

ಗಾಡಿಯ ಕಂಪ್ಯೂಟರಿಗೆ ಇದು ತಿಳಿಯುವ ಬಗೆ ನನಗೆ ಇಂದಿಗೂ ಬೆರಗು. ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನೊಡನೆ ತಿರುಗುವ ಹಲ್ಲುಚಕ್ರದ ಪಕ್ಕದಲ್ಲಿ ಒಂದು ಸೆನ್ಸರ್ ಇರುತ್ತದೆ. ಹಲ್ಲುಗಳು ಅದನ್ನು ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ಕಂಪ್ಯೂಟರ್ ಅಳೆಯುತ್ತಲೇ ಇರುತ್ತದೆ. ನಿಮಿಷಕ್ಕೆ 600 ಸುತ್ತಿನ ನಿಧಾನಗತಿಯಲ್ಲೂ ಈ ಇಂಜಿನ್ನಿನಲ್ಲಿ ಸೆಕೆಂಡಿಗೆ 40 ಸಲ ಇಂಧನ ಹೊತ್ತಿಕೊಳ್ಳಬೇಕು. ಒಂದೇ ಒಂದು ತಪ್ಪಿದರೂ ಶಾಫ್ಟ್ ಆ ಗಳಿಗೆಯಲ್ಲಿ ತುಸು ತಡವರಿಸುತ್ತದೆ. ತಪ್ಪಿದ್ದು ಮೂರನೆಯ ಸಿಲಿಂಡರಾದರೆ ಪಿ 0303 ಎಂಬ ಸಂಕೇತ ದಾಖಲಾಗುತ್ತದೆ. ಇಂಥದ್ದೇ ಎಂದು ಹೇಳಲಾಗದಿದ್ದರೆ ಪಿ 0300. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ, ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆಯ ಭಾಷೆಯಿದು.

ಆದರೆ ಈ ಅಳತೆಗಳೆಲ್ಲ ಕಾರ್ಖಾನೆಯಿಂದ ಬಂದಾಗಿನ ಇಂಜಿನ್ನಿಗೆ ಹೊಲಿದ ಅಂಗಿ. ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಿಸಿದರೆ, ನಿಧಾನಗತಿಯಲ್ಲಿ ಸುಟ್ಟ ಅನಿಲ ಹೊಸ ಗಾಳಿಯೊಡನೆ ಬೆರೆತು ಉರಿ ಏರುಪೇರಾಗುತ್ತದೆ. ದಪ್ಪ ರಬ್ಬರ್ ಉಬ್ಬುಗಳ ದೊಡ್ಡ ಟೈರಿನ ಅದುರು ಗೇರುಗಳ ಮೂಲಕ ಶಾಫ್ಟಿನವರೆಗೂ ಬರುತ್ತದೆ. ಬಿಡಿಭಾಗಗಳಲ್ಲಿ ದೋಷವಿಲ್ಲದಿದ್ದರೂ ಕಂಪ್ಯೂಟರ್ ಇದನ್ನು ಮಿಸ್ ಎಂದೇ ಬರೆದುಕೊಳ್ಳಬಹುದು.

ಆಗ ಕೆಲವರು ಟ್ಯೂನಿಂಗ್‌ನಲ್ಲಿ, ಅಂದರೆ ಕಂಪ್ಯೂಟರಿನ ಲೆಕ್ಕಗಳನ್ನು ತಿದ್ದುವಾಗ, ಮಿಸ್ ಪತ್ತೆಯನ್ನೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೀಪ ಸುಮ್ಮನೆ ಉರಿಯುವುದು ಬೇರೆ, ಮಿಟುಕುವುದು ಬೇರೆ. ಮಿಟುಕಿದರೆ, ಸಿಲಿಂಡರಿನಲ್ಲಿ ಉರಿಯದೆ ಉಳಿದ ಇಂಧನ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿ, ಅದರ ಜೇನುಗೂಡಿನಂಥ ಒಡಲನ್ನೇ ಕರಗಿಸುವ ಅಪಾಯವಿದೆ ಎಂದರ್ಥ. ಹೊಸ ಕ್ಯಾಮಿಗೆ ತಕ್ಕಂತೆ ಪತ್ತೆಯ ಮಿತಿಗಳನ್ನು ತಿದ್ದಿಸುವುದೇ ಸರಿಯಾದ ದಾರಿ.

ಸಂಕೇತವನ್ನು ಅಳಿಸುವ ಆತುರವೂ ಬೇಡ. ದೋಷ ಕಂಡಾಗಿನ ವೇಗ, ಉಷ್ಣತೆ, ಇಂಜಿನ್ನಿನ ಮೇಲಿನ ಹೊರೆ ಎಲ್ಲವೂ ಅದರ ಜೊತೆಗೆ ದಾಖಲಾಗಿರುತ್ತವೆ. ಅಳಿಸಿದರೆ ಅವೂ ಹೋಗುತ್ತವೆ. ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ, ಸಂಕೇತ ಪಿ 0303 ಆಗಿದ್ದರೆ, ಮೂರನೆಯ ಸಿಲಿಂಡರಿನ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) ಐದಕ್ಕೆ, ಐದರದನ್ನು ಮೂರಕ್ಕೆ ಹಾಕಿ ಓಡಿಸಿ. ಸಂಕೇತ ಪಿ 0305 ಆದರೆ ಕಾಯಿಲ್ ಕೆಟ್ಟಿದೆ. ಮೂರರಲ್ಲೇ ಉಳಿದರೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿ, ಅನಂತರ ಇಂಧನ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರಿನೊಳಗಿನ ಒತ್ತಡ ಅಂದರೆ ಕಂಪ್ರೆಷನ್.

ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಇಲ್ಲಿ ದಾರಿ ತಪ್ಪಿಸುತ್ತದೆ. ಉರಿಯದ ಸಿಲಿಂಡರಿನಿಂದ ಆಮ್ಲಜನಕ ಹಾಗೆಯೇ ಹೊರಬರುವುದರಿಂದ, ಇಂಧನ ಸಾಲದೆಂದು ಬಗೆದು ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ಹೆಚ್ಚಿದ ಇಂಧನದ ಆ ಅಂಕಿ ನೋಡಿ ಇಂಧನದ ಪಂಪ್ ಬದಲಿಸಲು ಹೊರಡಬೇಡಿ.

ಸಿಲಿಂಡರಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಕೂರಿಸಿದ್ದರೆ ಪ್ಲಗ್ಗಿನ ತುದಿಯ ಅಂತರವನ್ನೂ ಅಳೆಯಿರಿ. ಒತ್ತಡ ಹೆಚ್ಚಿದಷ್ಟೂ ಕಿಡಿಗೆ ದಾಟುವುದು ಕಷ್ಟ, ಅಂತರ ಕಿರಿದಾಗಬೇಕು. ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕಿಡಿ ತುದಿಗೆ ಹೋಗದೆ ಅದರ ಗುಂಟ ಹರಿದಿದೆ. ಅಂಥದೇ ಗೆರೆ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಬೂಟಿನ ಒಳಗೂ ಇರುತ್ತದೆ. ಪ್ಲಗ್ಗಿನೊಡನೆ ಬೂಟನ್ನೂ ಬದಲಿಸಿ; ಇಲ್ಲದಿದ್ದರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಮೂಡುತ್ತದೆ.